ವರ್ಕೌಟ್ ರೂಮಿಗೆ ಎಂಥ ಲೈಟ್ ಹಾಕಿಸುವುದು? ಬೆಂಚಿನ ಮೇಲೆ ಮಲಗಿದರೆ ಕಣ್ಣಿಗೇ ಹೊಡೆಯುತ್ತದೆ

ಬೆವರಹನಿ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೇ ಸಾಮಾನು ತುಂಬಿಟ್ಟಿದ್ದ ಒಂದು ರೂಮನ್ನು ಖಾಲಿ ಮಾಡಿ ವ್ಯಾಯಾಮಕ್ಕೆ ಅಂತ ಇಟ್ಟುಕೊಂಡಿದ್ದೇವೆ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ ಒಂಬತ್ತೂವರೆ ಅಡಿ. ಉದ್ದನೆಯ ಒಂದು ಗೋಡೆಗೆ ಕನ್ನಡಿ ಕೂರಿಸಿ ಆಗಿದೆ, ನೆಲದಿಂದ 1 ಅಡಿ ಬಿಟ್ಟು 7 ಅಡಿ ಎತ್ತರದವರೆಗೆ. ಚಿಕ್ಕ ಗೋಡೆಯಲ್ಲಿ ಪಶ್ಚಿಮಕ್ಕೆ ಒಂದು ಕಿಟಕಿ. ನೆಲಕ್ಕೆ ಪೂರ್ತಿ ಕಪ್ಪು ರಬ್ಬರ್ ಮ್ಯಾಟ್. ಸಾಮಾನು ಅಂದ್ರೆ ಒಂದು ಬೆಂಚು, ಡಂಬೆಲ್‌ಗಳು, ಒಂದು ಬಾರ್ಬೆಲ್, ಒಂದು ಟ್ರೆಡ್‌ಮಿಲ್, ಅಷ್ಟೇ.

ಈಗ ಇರುವುದು ನಟ್ಟನಡುವೆ ಒಂದು ಫ್ಯಾನು, ಅದರ ಪಕ್ಕ ಒಂದು 9 ವ್ಯಾಟ್ ಬಲ್ಬು. ಬೆಂಚಿನ ಮೇಲೆ ಮಲಗಿ ಡಂಬೆಲ್ ಎತ್ತಿದರೆ ಬಲ್ಬು ನೇರ ಕಣ್ಣಿಗೆ ಹೊಡೆಯುತ್ತದೆ. ಎದ್ದು ಕನ್ನಡಿ ಮುಂದೆ ನಿಂತರೆ ತಲೆಗೂದಲು ಮಾತ್ರ ಮಿಂಚುತ್ತದೆ, ಮುಖ, ಎದೆ ಎಲ್ಲ ಕಪ್ಪು. ಸ್ಕ್ವಾಟ್ ಮಾಡುವಾಗ ಮಂಡಿ ಒಳಗೆ ಬಾಗುತ್ತಿದೆಯಾ ಇಲ್ಲವಾ ಅಂತ ನೋಡೋಕೇ ಆಗುತ್ತಿಲ್ಲ. ಕನ್ನಡಿ ಹಾಕಿಸಿದ್ದೇ ಅದಕ್ಕೆ!

ನಮ್ಮ ಎಲೆಕ್ಟ್ರಿಷಿಯನ್ ಹೇಳುವುದು, ಫಾಲ್ಸ್ ಸೀಲಿಂಗ್ ಮಾಡಿಸಿ, 12 ವ್ಯಾಟಿನ ಆರು ಡೌನ್‌ಲೈಟ್ ಹಾಕಿಬಿಡಿ, 6500 ಕೆಲ್ವಿನ್ ಬಿಳಿ (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಹಳದಿ), ಬೆಳ್ಳಗೆ ಹಗಲಿನ ಥರ ಇರುತ್ತದೆ ಅಂತ. ರೂಮನ್ನು ಬಳಸುವವರು ಮೂವರು. ನಾನು ಬೆಳಗಿನ ಜಾವ ಐದಕ್ಕೆ ತೂಕ ಎತ್ತುತ್ತೇನೆ. ಹೆಂಡತಿ ರಾತ್ರಿ ಎಂಟರ ನಂತರ ಮ್ಯಾಟ್ ಮೇಲೆ ಯೋಗ ಮಾಡುತ್ತಾಳೆ. ಅಪ್ಪ ಸಂಜೆ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾರೆ, ಅವರಿಗೆ ಎಪ್ಪತ್ತು ದಾಟಿದೆ. ಮೂವರಿಗೂ ಒಂದೇ ಲೈಟು ಆಗುತ್ತದಾ? ಎಷ್ಟು ಲೈಟು ಬೇಕು, ಎಲ್ಲಿ ಹಾಕಬೇಕು, ಯಾವ ಬಣ್ಣ? ವೈರಿಂಗ್ ಇನ್ನೂ ಶುರುವಾಗಿಲ್ಲ, ಹಾಗಾಗಿ ಏನು ಬೇಕಾದರೂ ಬದಲಿಸಬಹುದು.

ನೇರಮಾತು:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋಕೆ ಏನಿದೆ ಗುರು? ಟ್ಯೂಬ್‌ಲೈಟ್ ಥರ ಉದ್ದಕ್ಕಿರುವ 20 ವ್ಯಾಟಿನ ಎರಡು ಎಲ್‌ಇಡಿ ಬ್ಯಾಟನ್ ಹಾಕಿ, ಮುಗೀತು. ಫಾಲ್ಸ್ ಸೀಲಿಂಗ್ ಅಂತೂ ಬೇಡವೇ ಬೇಡ. ಒಂಬತ್ತೂವರೆ ಅಡಿಯಲ್ಲಿ ಇನ್ನರ್ಧ ಅಡಿ ಕಳೆದುಕೊಂಡು ಕೈ ಮೇಲೆತ್ತಿ ಬಾರ್ಬೆಲ್ ಪ್ರೆಸ್ ಮಾಡೋರು ಯಾರು? ಉಳಿದ ದುಡ್ಡಿಗೆ ಇನ್ನೊಂದು ಜೊತೆ ಡಂಬೆಲ್ ತಗೊಳ್ಳಿ.

ತಂತಿಮಾಮ:

ನೇರಮಾತು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಆ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಬೆವರಹನಿ ಅವರೇ, ಮೊದಲು ಬೆಳಕು ಎಷ್ಟು ಬೇಕು ಅನ್ನೋದನ್ನು ಮುಗಿಸೋಣ, ಯಾಕಂದ್ರೆ ಅದು ಸುಲಭ. ವ್ಯಾಟ್ ಅನ್ನೋದು ಲೈಟು ಎಷ್ಟು ಕರೆಂಟು ತಿನ್ನುತ್ತದೆ ಅನ್ನೋ ಲೆಕ್ಕ. ಎಷ್ಟು ಬೆಳಕು ಕೊಡುತ್ತದೆ ಅನ್ನೋದು ಲೂಮೆನ್, ಅದನ್ನು ಡಬ್ಬದ ಮೇಲೆ ಬರೆದಿರುತ್ತಾರೆ. ಆ ಬೆಳಕು ಒಂದು ಚದರ ಮೀಟರ್ ಜಾಗಕ್ಕೆ ಎಷ್ಟು ಬಿತ್ತು ಅನ್ನೋದು ಲಕ್ಸ್. ಮನೆಯ ಹಾಲ್‌ಗೆ 100ರಿಂದ 150 ಲಕ್ಸ್ ಇದ್ದರೂ ನಡೆಯುತ್ತದೆ. ವ್ಯಾಯಾಮದ ಜಾಗಕ್ಕೆ 300 ಇರಲಿ. ಯುರೋಪಿನ ಇಎನ್ 12464-1 ಮಾನದಂಡದಲ್ಲೂ ಶಾಲೆಗಳ ಜಿಮ್ನೇಷಿಯಂಗೆ 300 ಲಕ್ಸ್ ಅಂತಲೇ ಇದೆ. ನಿಮ್ಮ ರೂಮು 120 ಚದರ ಅಡಿ, ಅಂದ್ರೆ ಸುಮಾರು 11 ಚದರ ಮೀಟರ್. 11 ಗುಣಿಸು 300, ನೆಲಕ್ಕೆ ಮುಟ್ಟಬೇಕಾದ್ದು 3,300 ಲೂಮೆನ್. ಆದರೆ ಲೈಟಿನಿಂದ ಹೊರಟಿದ್ದೆಲ್ಲ ಕೆಳಗೆ ಮುಟ್ಟೋದಿಲ್ಲ. ಗೋಡೆ, ಸೀಲಿಂಗು ಒಂದಷ್ಟು ನುಂಗುತ್ತವೆ, ಧೂಳು ಒಂದಷ್ಟು ತಿನ್ನುತ್ತದೆ, ನಿಮ್ಮ ಕಪ್ಪು ಮ್ಯಾಟಂತೂ ಬಿದ್ದ ಬೆಳಕನ್ನು ವಾಪಸ್ಸೇ ಕೊಡೋದಿಲ್ಲ. ಹಾಗಾಗಿ 5,000ದಿಂದ 5,500 ಲೂಮೆನ್ ಹಾಕಿದರೆ ಕೆಲಸ ಆಗುತ್ತದೆ. ಗೋಡೆಗೆ ಕಡು ಬೂದು ಬಣ್ಣ ಹೊಡೆಸೋ ಆಸೆ ಏನಾದರೂ ಇದ್ದರೆ ಈಗಲೇ ಬಿಡಿ. ಬಿಳಿ ಸುಣ್ಣದ ಸೀಲಿಂಗು ಬಿದ್ದ ಬೆಳಕಿನಲ್ಲಿ ಶೇಕಡಾ 80ರಷ್ಟು ತಿರುಗಿಸಿ ಕೊಡುತ್ತದೆ, ಕಡು ಬಣ್ಣದ ಗೋಡೆ ಅದರಲ್ಲಿ ಕಾಲು ಭಾಗವನ್ನೂ ಕೊಡೋದಿಲ್ಲ.

ಈಗ ನಿಮ್ಮ ಎಲೆಕ್ಟ್ರಿಷಿಯನ್ ಲೆಕ್ಕ ನೋಡಿ. ಆರು ಗುಣಿಸು 12, 72 ವ್ಯಾಟ್. ವ್ಯಾಟಿಗೆ 80ರಿಂದ 90 ಲೂಮೆನ್ ಅಂತ ಹಿಡಿದರೂ 6,000 ಆಸುಪಾಸು. ಅಂದ್ರೆ ಬೆಳಕಿನ ಪ್ರಮಾಣದಲ್ಲಿ ಆತನದು ತಪ್ಪಿಲ್ಲ. ತೊಂದರೆ ಇರೋದು ಜಾಗದಲ್ಲಿ. ಡೌನ್‌ಲೈಟು ಅಂದ್ರೆ ಅಂಗೈಯಗಲದ ಜಾಗದಿಂದ ಸಾವಿರ ಲೂಮೆನ್ ನೇರ ಕೆಳಗೆ. ಆಫೀಸಿನಲ್ಲಿ ಕೂತವರು ಮೇಲೆ ನೋಡೋದಿಲ್ಲ, ಅಲ್ಲಿ ಅದು ನಡೆಯುತ್ತದೆ. ವ್ಯಾಯಾಮದ ರೂಮಿನಲ್ಲಿ ಮನುಷ್ಯ ಅರ್ಧ ಹೊತ್ತು ಅಂಗಾತ ಮಲಗಿಯೇ ಇರುತ್ತಾನೆ. ಬೆಂಚ್ ಪ್ರೆಸ್ಸು, ಕ್ರಂಚು, ಕಾಲೆತ್ತೋದು, ಕೊನೆಗೆ ಶವಾಸನ, ಎಲ್ಲದರಲ್ಲೂ ಕಣ್ಣು ಸೀಲಿಂಗಿಗೇ. ಸೀಲಿಂಗಿನ ಮೇಲೆ ಆರು ಕಡೆ ಆರು ಚುಕ್ಕೆ ಉರಿಯುತ್ತಿದ್ದರೆ ಎಲ್ಲಿ ಮಲಗಿದರೂ ಒಂದಲ್ಲ ಒಂದು ಕಣ್ಣಿಗೆ ಬೀಳೋದೇ.

ಬ್ಯಾಟನ್ ಒಳ್ಳೇದು ಅಂದಿದ್ದು ಈ ಕಾರಣಕ್ಕೆ. ಅಷ್ಟೇ ಬೆಳಕು 4 ಅಡಿ ಉದ್ದಕ್ಕೆ ಹರಡಿಕೊಂಡು ಬರುತ್ತದೆ, ಚುಚ್ಚೋದು ಕಡಿಮೆ. ಹಾಲಿನ ಬಣ್ಣದ ಅಗಲವಾದ ಮುಚ್ಚಳ ಇರೋದು ತಗೊಳ್ಳಿ, ಒಳಗಿನ ಎಲ್‌ಇಡಿ ಚುಕ್ಕೆ ಒಂದೊಂದಾಗಿ ಕಾಣಬಾರದು. ಆದರೆ ಎರಡು ಬ್ಯಾಟನ್ ತಂದು ಎದುರುಬದುರು ಗೋಡೆಗೆ ಬಡಿದುಬಿಟ್ಟರೆ ನಿಮ್ಮ ಕನ್ನಡಿಯ ಸಮಸ್ಯೆ ಹಾಗೇ ಉಳಿಯುತ್ತದೆ. ಅದನ್ನು ಬಲ್ಲವರು ಇಲ್ಲಿ ಇದ್ದಾರೆ, ಅವರು ಬರಲಿ.

ಕನ್ನಡಿಗಣ್ಣು:

ಬಂದೆ ಮಾಮ. ನಾನು ನೃತ್ಯದ ಅಭ್ಯಾಸಕ್ಕೆ ಕನ್ನಡಿ ಮುಂದೆ ದಿನಾ ನಿಲ್ಲುವವಳು, ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಜನ ಮಾಡುವುದು ಏನಂದ್ರೆ, ಕನ್ನಡಿಗೆ ಬೆಳಕು ಕೊಡುತ್ತಾರೆ. ಕನ್ನಡಿಗೆ ಬೆಳಕು ಕೊಟ್ಟು ಏನೂ ಪ್ರಯೋಜನ ಇಲ್ಲ. ಕನ್ನಡಿ ಮುಂದೆ ನಿಂತವರ ಮೈಗೆ, ಅದೂ ಕನ್ನಡಿಗೆ ಕಾಣುವ ಮಗ್ಗುಲಿಗೆ ಬೆಳಕು ಬೀಳಬೇಕು. ಅಂದ್ರೆ ಲೈಟು ನಿಮಗೂ ಕನ್ನಡಿಗೂ ನಡುವೆ ಇರಬೇಕು, ನಿಮ್ಮ ನೆತ್ತಿಯ ಮೇಲೆ ಅಲ್ಲ, ಬೆನ್ನ ಹಿಂದೆಯಂತೂ ಅಲ್ಲವೇ ಅಲ್ಲ. ನೆತ್ತಿಯ ಮೇಲಿದ್ದರೆ ಹುಬ್ಬಿನ ನೆರಳು ಕಣ್ಣಿಗೆ, ಗಲ್ಲದ ನೆರಳು ಕತ್ತಿಗೆ, ಎದೆಯ ನೆರಳು ಹೊಟ್ಟೆಗೆ. ಬಾಡಿಬಿಲ್ಡಿಂಗ್ ಫೋಟೋ ತೆಗೆಯೋರಿಗೆ ಆ ನೆರಳೇ ಬೇಕು, ಸ್ನಾಯು ಎದ್ದು ಕಾಣುತ್ತದೆ ಅಂತ. ಮಂಡಿ ಎತ್ತ ಬಾಗಿದೆ ಅಂತ ನೋಡಬೇಕಾದ ನಿಮಗೆ ಬೇಡ.

ನಿಮ್ಮ ಅಳತೆ ಇಟ್ಟುಕೊಂಡು ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಸೀಲಿಂಗಿನಲ್ಲಿ, ಕನ್ನಡಿ ಗೋಡೆಯಿಂದ ಎರಡೂವರೆ ಅಡಿ ದೂರಕ್ಕೆ, ಕನ್ನಡಿಗೆ ಸಮಾನಾಂತರವಾಗಿ ಉದ್ದದ ಲೈಟು ಹಾಕಿ. ನೀವು ಕನ್ನಡಿಯಿಂದ 5 ಅಡಿ ಹಿಂದೆ ನಿಂತರೆ ಬೆಳಕು ಎದುರಿನಿಂದ, ಮೇಲಿನಿಂದ ಓರೆಯಾಗಿ ಮುಖ, ಎದೆ, ತೊಡೆಯ ಮೇಲೆ ಬೀಳುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ನಿಂತವರ ಕಣ್ಣು ಸುಮಾರು ಐದೂಕಾಲು ಅಡಿ ಎತ್ತರದಲ್ಲಿ ಇರುತ್ತದೆ ಅಂದ್ರೆ, ಆ ಲೈಟಿನ ಪ್ರತಿಬಿಂಬ ಕನ್ನಡಿ ಗೋಡೆಯ ಮೇಲೆ 8 ಅಡಿ ಎತ್ತರದಲ್ಲಿ ಬರಬೇಕು. ನಿಮ್ಮ ಕನ್ನಡಿ 7 ಅಡಿಗೇ ಮುಗಿಯುತ್ತದೆ. ಹಾಗಾಗಿ ಲೈಟು ಕನ್ನಡಿಯಲ್ಲಿ ಕಾಣೋದೇ ಇಲ್ಲ, ಬೆಳಕು ಮಾತ್ರ ಸಿಗುತ್ತದೆ.

ಅದೇ ಲೈಟನ್ನು ಹಿಂದಿನ ಗೋಡೆ ಕಡೆಗೆ, ಕನ್ನಡಿಯಿಂದ 7 ಅಡಿ ದೂರದಲ್ಲಿ ಹಾಕಿದಿರಿ ಅಂತ ಇಟ್ಟುಕೊಳ್ಳಿ. ನಿಂತಾಗ ಅದರ ಪ್ರತಿಬಿಂಬ ಕನ್ನಡಿಯ ಮೇಲಂಚಿಗೆ ಹತ್ತಿರ ಹತ್ತಿರ ಬರುತ್ತದೆ. ಬೆಂಚಿನ ಮೇಲೆ ಕೂತು ಡಂಬೆಲ್ ಎತ್ತುವಾಗ ಕಣ್ಣು 4 ಅಡಿಗೆ ಇಳಿಯುತ್ತದೆ, ಆಗ ಪ್ರತಿಬಿಂಬ ಆರೂಕಾಲು ಅಡಿಗೆ ಬಂದು ಕನ್ನಡಿಯೊಳಗೇ ಝಗ್ ಅಂತ ಹೊಳೆಯುತ್ತದೆ. ಕೂತು ಮಾಡುವ ಒಂದೊಂದು ವ್ಯಾಯಾಮಕ್ಕೂ ಅದು ಕಿರಿಕಿರಿ. ಹಿಂದಿನ ಗೋಡೆ ಕಡೆ ಲೈಟು ಬೇಕಾದರೆ ಅದು ನೇರ ಕೆಳಗೆ ನೋಡದೆ, ಸೀಲಿಂಗಿನ ಕಡೆ ಮುಖ ಮಾಡಿರಲಿ.

ಇನ್ನೊಂದು ಸಣ್ಣ ವಿಷಯ. ಡಬ್ಬದ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅಂತ ಹೇಳುವುದು, ಗರಿಷ್ಠ 100. 80 ಇದ್ದರೆ ಸಾಕು, 90 ಸಿಕ್ಕರೆ ಬಿಡಬೇಡಿ. ಕಡಿಮೆ ಇರುವ ಲೈಟಿನಲ್ಲಿ ಮೈಬಣ್ಣ ಬೂದಿ ಹಚ್ಚಿದ ಹಾಗೆ ಕಾಣುತ್ತದೆ, ಬೆಳಗ್ಗೆ ಐದಕ್ಕೆ ಕನ್ನಡಿಯಲ್ಲಿ ಆ ಮುಖ ನೋಡಿದರೆ ವಾಪಸ್ ಹೋಗಿ ಮಲಗಬೇಕು ಅನ್ನಿಸುತ್ತದೆ.

ನೇರಮಾತು:

ಮೇಡಂ, ಜಿಮ್‌ಗಳಲ್ಲಿ ಎಲ್ಲ ಕಡೆ ನೆತ್ತಿ ಮೇಲೇ ಲೈಟು ಇರುತ್ತದಲ್ವಾ? ಅಲ್ಲಿ ಜನ ವ್ಯಾಯಾಮ ಮಾಡುತ್ತಿಲ್ವಾ?

ಕನ್ನಡಿಗಣ್ಣು:

ಅಲ್ಲಿ ಸೀಲಿಂಗು ಎತ್ತರ ಇರುತ್ತದೆ, ಲೈಟು ಹತ್ತಾರು ಇರುತ್ತವೆ, ಎಲ್ಲ ಕಡೆಯಿಂದ ಬೆಳಕು ಬಂದು ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಒಂಬತ್ತೂವರೆ ಅಡಿಯ ಚಿಕ್ಕ ರೂಮಿನಲ್ಲಿ ಆ ಅನುಕೂಲ ಇಲ್ಲ. ಹಾಗೆ ನೋಡಿದರೆ ಜಿಮ್‌ನಲ್ಲೂ ಬೆಂಚಿನ ಮೇಲೆ ಮಲಗಿದವರು ಕಣ್ಣು ಕಿರಿದು ಮಾಡಿಕೊಂಡೇ ಎತ್ತುತ್ತಿರುತ್ತಾರೆ, ಗಮನಿಸಿ ನೋಡಿ.

ಹಗ್ಗದಾಟ:

ಯಾರೂ ಫ್ಯಾನಿನ ಸುದ್ದಿ ಎತ್ತಲಿಲ್ಲ, ಅದೇ ಆಶ್ಚರ್ಯ. ನಡುವೆ ಫ್ಯಾನು, ಸುತ್ತ ಸೀಲಿಂಗಿಗೆ ಅಂಟಿಕೊಂಡ ಡೌನ್‌ಲೈಟು ಅಂದ್ರೆ ಬೆಳಕು ಫ್ಯಾನಿನ ರೆಕ್ಕೆಗಳ ಮೇಲಿಂದ ಇಳಿಯುತ್ತದೆ. ಮೂರು ರೆಕ್ಕೆಯ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ ಅಂದ್ರೆ ಸೆಕೆಂಡಿಗೆ 5 ಸುತ್ತು, ಅಂದ್ರೆ ಸೆಕೆಂಡಿಗೆ 15 ಸಲ ನೆರಳು ಹಾಯುತ್ತದೆ. ಮಲಗಿದವರ ಮುಖದ ಮೇಲೆ ಅದು ಪಟಪಟಪಟ ಅಂತ ಓಡುತ್ತಿರುತ್ತದೆ. ಸುಮ್ನೆ ಕಿರಿಕಿರಿ ಅಂತ ಬಿಡೋ ವಿಷಯ ಅಲ್ಲ ಇದು. ಬೆಳಕಿನ ಮಿಣುಕಿಗೆ ಮೂರ್ಛೆ ಬರುವ ತೊಂದರೆ ಇರೋರಿಗೆ ಹೆಚ್ಚು ಅಪಾಯದ ವೇಗ ಇದೇ ಆಸುಪಾಸಿನದು. ಉಳಿದವರಿಗೆ ತಲೆನೋವು, ಕಣ್ಣು ಆಯಾಸ.

ಇದರ ಜೊತೆಗೆ ಲೈಟಿನದ್ದೇ ಮಿಣುಕು ಬೇರೆ ಇರುತ್ತದೆ. ಕರೆಂಟು 50 ಹರ್ಟ್ಜ್ ಇದ್ದರೆ ಕಳಪೆ ಡ್ರೈವರ್ (ಎಲ್‌ಇಡಿಗೆ ಕರೆಂಟನ್ನು ಹದ ಮಾಡಿ ಕೊಡುವ ಭಾಗ) ಇರುವ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. 60 ಹರ್ಟ್ಜ್ ಇರುವ ಕಡೆ 120 ಸಲ. ನೇರವಾಗಿ ನೋಡಿದರೆ ಗೊತ್ತಾಗೋದಿಲ್ಲ. ಆದರೆ ಏನಾದರೂ ವೇಗವಾಗಿ ಚಲಿಸಿದರೆ ಗೊತ್ತಾಗುತ್ತದೆ, ವ್ಯಾಯಾಮದ ರೂಮಿನಲ್ಲಿ ಚಲಿಸೋದೇ ಜಾಸ್ತಿ ಅಲ್ವಾ. ನಾನು ಸ್ಕಿಪ್ಪಿಂಗ್ ಮಾಡುವವನು. ಮಿಣುಕುವ ಲೈಟಿನಲ್ಲಿ ಹಗ್ಗ ಒಂದು ಗೆರೆಯಾಗಿ ಕಾಣೋದಿಲ್ಲ, ತುಂಡು ತುಂಡು ಹಗ್ಗಗಳು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತವೆ. ಯಾವುದು ನಿಜವಾದ ಹಗ್ಗ ಅಂತ ಕಣ್ಣು ಹುಡುಕುವಷ್ಟರಲ್ಲಿ ಅದು ಕಾಲಿಗೆ ಬಡಿದಿರುತ್ತದೆ.

ಪರೀಕ್ಷೆ ಮಾಡೋದು ಸುಲಭ. ಅಂಗಡಿಯಲ್ಲೇ ಲೈಟು ಹಚ್ಚಿಸಿ. ಒಂದು ಪೆನ್ನನ್ನು ತುದಿಯಲ್ಲಿ ಹಿಡಿದು ಲೈಟಿನ ಮುಂದೆ ಬೀಸಣಿಗೆ ಥರ ಜೋರಾಗಿ ಆಡಿಸಿ. ಪೆನ್ನು ಮಸುಕಾಗಿ ಒಂದೇ ಹರವಾಗಿ ಕಂಡರೆ ಲೈಟು ಒಳ್ಳೇದು. ನಾಲ್ಕೈದು ಪೆನ್ನು ಬೇರೆ ಬೇರೆಯಾಗಿ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದರೂ ಗೊತ್ತಾಗುತ್ತದೆ, ಕೆಟ್ಟ ಲೈಟು ವಿಡಿಯೋದಲ್ಲಿ ಉಸಿರಾಡಿದ ಹಾಗೆ ಮಿಡಿಯುತ್ತಿರುತ್ತದೆ. ಮಿಣುಕಿನ ಬಗ್ಗೆ ಐಇಇಇ 1789 ಅಂತ ಒಂದು ಶಿಫಾರಸು ಇದೆ, 2015ರದ್ದು. ಅದರ ಪ್ರಕಾರ 100 ಹರ್ಟ್ಜ್‌ನಲ್ಲಿ ಏರಿಳಿತ ಶೇಕಡಾ 8ರ ಒಳಗಿದ್ದರೆ ಅಪಾಯ ಕಡಿಮೆ. ಡಬ್ಬದ ಮೇಲೆ ಆ ಸಂಖ್ಯೆ ಬರೆಯೋರು ಬಹಳ ಕಡಿಮೆ, ಅದಕ್ಕೇ ಪೆನ್ನು ಇರಲಿ ಜೇಬಿನಲ್ಲಿ.

ಡಿಮ್ಮರ್ ಹಾಕಿಸೋ ಯೋಚನೆ ಇದ್ದರೆ ಡಿಮ್ ಮಾಡಿದ ಸ್ಥಿತಿಯಲ್ಲೂ ಇದೇ ಪರೀಕ್ಷೆ ಮಾಡಿ. ಪೂರ್ತಿ ಬೆಳಕಿನಲ್ಲಿ ಸರಿಯಾಗಿದ್ದು, ಅರ್ಧಕ್ಕೆ ಇಳಿಸಿದ ಕೂಡಲೇ ಮಿಣುಕುವ ಲೈಟುಗಳು ಬೇಕಾದಷ್ಟಿವೆ.

ಬೆವರಹನಿ:

ಅಬ್ಬಾ, ಇಷ್ಟು ವಿಷಯ ಇದೆ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಪೆನ್ನಿನ ಪರೀಕ್ಷೆ ಈಗಿರುವ ಬಲ್ಬಿಗೇ ಮಾಡಿದೆ, ಐದು ಪೆನ್ನು ಕಾಣಿಸಿತು. ಹೆಂಡತಿಗೆ ತೋರಿಸಿದೆ, ಅವಳು ಅಡುಗೆಮನೆಯಿಂದ ಹಿಡಿದು ಮನೆಯ ಎಲ್ಲ ಲೈಟುಗಳ ಮುಂದೂ ಪೆನ್ನು ಆಡಿಸಿ ನೋಡಿ ಬಂದಳು.

ಕನ್ನಡಿ ಕಡೆಯ ಲೈಟು ಎರಡೂವರೆ ಅಡಿಗೆ ಅನ್ನೋದು ಪಕ್ಕಾ ಮಾಡಿಕೊಂಡೆ. ಉಳಿದ ಪ್ರಶ್ನೆಗಳು: ಫ್ಯಾನು ತೆಗೆಯಲೇಬೇಕಾ? ರಾತ್ರಿ ಯೋಗಕ್ಕೆ ಡಿಮ್ಮರ್ ಹಾಕಿಸಲಾ ಅಥವಾ ಬೇರೆ ಲೈಟಾ? ಮತ್ತೆ ನನ್ನ ತಮ್ಮ ಬಣ್ಣ ಬದಲಾಯಿಸುವ ಸ್ಟ್ರಿಪ್ ಲೈಟು ಹಾಕಿಸು, ಕೆಂಪು ನೀಲಿ ಹಾಕಿಕೊಂಡು ವರ್ಕೌಟ್ ಮಾಡಿದರೆ ಜೋಶ್ ಬರುತ್ತದೆ ಅಂತ ಬೆನ್ನು ಬಿದ್ದಿದ್ದಾನೆ.

ರಾತ್ರಿಪಾಳಿ:

ತಮ್ಮನ ಸ್ಟ್ರಿಪ್ಪು ಹಾಕಿಸಿ, ತೊಂದರೆ ಇಲ್ಲ, ಆದರೆ ಅದೊಂದನ್ನೇ ಹಚ್ಚಿಕೊಂಡು ತೂಕ ಎತ್ತಬಾರದು ಅಂತ ಹೇಳಿ. ಬರೀ ಕೆಂಪು ಅಥವಾ ಬರೀ ನೀಲಿ ಬೆಳಕಿನಲ್ಲಿ ಬಣ್ಣದ ವ್ಯತ್ಯಾಸ ಸತ್ತುಹೋಗುತ್ತದೆ. ಬಣ್ಣದ ಮೇಲೆ ಗುರುತಿಸುವ ಪ್ಲೇಟುಗಳಿದ್ದರೆ ಯಾವುದು ಎಷ್ಟು ಕೆಜಿ ಅಂತ ಗೊತ್ತಾಗೋದಿಲ್ಲ, ಬಾರ್ಬೆಲ್‌ನ ಕ್ಲಿಪ್ಪು ಸರಿಯಾಗಿ ಕೂತಿದೆಯಾ ಅಂತಲೂ ಕಾಣೋದಿಲ್ಲ.

ರಾತ್ರಿ ಯೋಗದ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸವೇ ಹಗಲು ಮಲಗಿ ರಾತ್ರಿ ಏಳೋದು, ಹಾಗಾಗಿ ಬೆಳಕು ಮತ್ತು ನಿದ್ದೆಯ ಬಗ್ಗೆ ಓದದೆ ಬೇರೆ ದಾರಿ ಇರಲಿಲ್ಲ. ನಮ್ಮ ಕಣ್ಣಿನೊಳಗೆ ನೋಡೋ ಕೆಲಸದ ಜೊತೆಗೆ ಹೊತ್ತು ಅಳೆಯುವ ಕೆಲಸಕ್ಕೂ ಜೀವಕೋಶಗಳಿವೆ. ಅವು ಬೆಳಕಿಗೆ ತಾವೇ ಸ್ಪಂದಿಸುತ್ತವೆ ಅಂತ ಖಚಿತವಾಗಿದ್ದು 2002ರಲ್ಲಿ. ನೀಲಿ ಕಡೆಯ ಬೆಳಕು, 480 ನ್ಯಾನೋಮೀಟರ್ ಆಸುಪಾಸಿನದು, ಅವನ್ನು ಹೆಚ್ಚು ಎಬ್ಬಿಸುತ್ತದೆ. 6500 ಕೆಲ್ವಿನ್ ಬಿಳಿ ಲೈಟಿನಲ್ಲಿ ಈ ಭಾಗ ಜಾಸ್ತಿ. ರಾತ್ರಿ ಆ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ತರುವ ಮೆಲಟೋನಿನ್ ತಡವಾಗುತ್ತದೆ.

2022ರಲ್ಲಿ ಈ ಕ್ಷೇತ್ರದ ವಿಜ್ಞಾನಿಗಳ ಒಂದು ಗುಂಪು ಸೇರಿ ಸಲಹೆ ಕೊಟ್ಟಿತು. ಈ ಜೀವಕೋಶಗಳ ಲೆಕ್ಕದಲ್ಲಿ ಅಳೆದ ಲಕ್ಸ್‌ಗೆ ಮೆಲನೋಪಿಕ್ ಲಕ್ಸ್ ಅನ್ನುತ್ತಾರೆ. ಹಗಲಿನಲ್ಲಿ ಕಣ್ಣಿನ ಮಟ್ಟದಲ್ಲಿ ಅದು ಕನಿಷ್ಠ 250 ಇರಬೇಕು, ಮಲಗೋದಕ್ಕೆ 3 ಗಂಟೆ ಮೊದಲಿನಿಂದ 10ನ್ನು ಮೀರಬಾರದು. 10 ಅಂದ್ರೆ ತೀರಾ ಕಡಿಮೆ. 2700 ಕೆಲ್ವಿನ್ ಹಳದಿ ಲೈಟು ಅಷ್ಟೇ ಪ್ರಕಾಶದ 6500 ಲೈಟಿಗಿಂತ ಈ ಲೆಕ್ಕದಲ್ಲಿ ಸುಮಾರು ಅರ್ಧದಷ್ಟೇ ಕೊಡುತ್ತದೆ, ಆದರೂ 300 ಲಕ್ಸ್ ಹಳದಿ ಹಚ್ಚಿ ಕೂತರೆ ಮಿತಿ ಎಲ್ಲೋ ಹೋಗಿರುತ್ತದೆ. ಬಣ್ಣವೂ ಇಳಿಯಬೇಕು, ಪ್ರಮಾಣವೂ ಇಳಿಯಬೇಕು. ವಾರ್ಮ್ ಲೈಟು ಹಾಕಿದ್ದೇವೆ, ಇನ್ನು ನಿದ್ದೆಗೆ ಏನೂ ಆಗೋದಿಲ್ಲ ಅಂತ ಜನ ತಿಳಿದುಕೊಂಡಿರುತ್ತಾರೆ, ಅದು ಅರ್ಧ ಮಾತ್ರ ನಿಜ.

ನಿಮಗೆ ಬೆಳಗ್ಗೆ ಐದಕ್ಕೆ ಇದರ ಉಲ್ಟಾ ಬೇಕು. ಎದ್ದ ಕೂಡಲೇ ಚೆನ್ನಾಗಿ ಬೆಳಕು ಬಿದ್ದರೆ ಮಂಪರು ಹೋಗುತ್ತದೆ, ರಾತ್ರಿ ನಿದ್ದೆಯೂ ಬೇಗ ಬರುತ್ತದೆ. ಹಾಗಾಗಿ ಒಂದೇ ಲೈಟಿನಲ್ಲಿ ಇಬ್ಬರಿಗೂ ನ್ಯಾಯ ಆಗೋದಿಲ್ಲ. ಬೇರೆ ಬೇರೆ ಎರಡು ಲೈಟು, ಬೇರೆ ಬೇರೆ ಎರಡು ಸ್ವಿಚ್ಚು.

ತಂತಿಮಾಮ:

ರಾತ್ರಿಪಾಳಿ ಹೇಳಿದ್ದಕ್ಕೆ ನನ್ನದೂ ಸಹಿ. ಡಿಮ್ಮರ್‌ಗಿಂತ ಎರಡು ಸ್ವಿಚ್ಚು ವಾಸಿ. ಹಳೇ ಥರದ ಡಿಮ್ಮರ್ ತಂದು ಡಿಮ್ ಆಗದ ಎಲ್‌ಇಡಿಗೆ ಜೋಡಿಸಿದರೆ ಗುಂಯ್ ಅಂತ ಸದ್ದು, ಮಿಣುಕು, ಕೊನೆಗೆ ಡ್ರೈವರ್ ಸುಟ್ಟುಹೋಗೋದು. ಡಿಮ್ಮರೇ ಬೇಕು ಅಂದ್ರೆ ಲೈಟಿನ ಮೇಲೆ ಡಿಮ್ಮಬಲ್ ಅಂತ ಬರೆದಿರಬೇಕು, ಡಿಮ್ಮರ್ ಕೂಡ ಎಲ್‌ಇಡಿಗೆ ಅಂತಲೇ ಮಾಡಿದ್ದಿರಬೇಕು.

ನಾನಾದರೆ ಮಾಡೋದು ಹೀಗೆ. ಕನ್ನಡಿ ಕಡೆ ಸೀಲಿಂಗಿಗೆ 4 ಅಡಿಯ 20 ವ್ಯಾಟಿನ ಎರಡು ಲೈಟು ಒಂದರ ಬಾಲಕ್ಕೆ ಇನ್ನೊಂದು, ನಡುವೆ ಸ್ವಲ್ಪ ಜಾಗ ಬಿಟ್ಟು. 4000 ಕೆಲ್ವಿನ್ ತಗೊಳ್ಳಿ, 6500 ಬೇಡ. ವ್ಯಾಟಿಗೆ 100 ಲೂಮೆನ್ ಕೊಡೋ ಬ್ಯಾಟನ್ ಸಿಗುತ್ತವೆ, ಎರಡೂ ಸೇರಿ 4,000 ಲೂಮೆನ್. ಹಿಂದಿನ ಗೋಡೆಗೆ ಏಳೂವರೆ ಅಡಿ ಎತ್ತರದಲ್ಲಿ ಅಲ್ಯೂಮಿನಿಯಂ ಚಾನೆಲ್ ಹೊಡೆದು, ಸೀಲಿಂಗಿನ ಕಡೆ ಮುಖ ಮಾಡಿ 2700ರ ಎಲ್‌ಇಡಿ ಸ್ಟ್ರಿಪ್ಪು. ಲೈಟು ಕಣ್ಣಿಗೆ ಕಾಣೋದಿಲ್ಲ, ಸೀಲಿಂಗು ಮಾತ್ರ ಬೆಳಗುತ್ತದೆ. ರಾತ್ರಿ ಯೋಗಕ್ಕೆ ಅದೊಂದೇ ಹಚ್ಚಿದರೆ ಸಾಕು, ಬೆಳಗ್ಗೆ ಎರಡನ್ನೂ ಹಚ್ಚಿ. ಸ್ಟ್ರಿಪ್ಪು ಮೀಟರಿಗೆ 10 ವ್ಯಾಟ್ ಸಾಕು. 24 ವೋಲ್ಟಿನದು ತಗೊಳ್ಳಿ. 12 ವೋಲ್ಟಿನದಾದರೆ ಅಷ್ಟುದ್ದಕ್ಕೆ ಎಳೆದಾಗ ಕೊನೆಯ ತುದಿ ಮಂಕಾಗಿ ಕಾಣೋದು ಜಾಸ್ತಿ. ಇದಕ್ಕೆ ಮಾತ್ರ ಒಳ್ಳೇ ಡಿಮ್ಮರ್ ಹಾಕಿಸಬಹುದು, ಕಡಿಮೆ ವೋಲ್ಟೇಜಿನ ಕಡೆ ಡಿಮ್ ಮಾಡೋದು ಸುಲಭ. ಹಗ್ಗದಾಟ ಹೇಳಿದ ಪೆನ್ನಿನ ಪರೀಕ್ಷೆ ಅಲ್ಲಿಗೂ ಅನ್ವಯ.

ಫ್ಯಾನು ತೆಗೆಯಲೇಬೇಕು ಅಂತೇನಿಲ್ಲ. ಉದ್ದನೆಯ ಲೈಟಿಗೆ ರೆಕ್ಕೆ ಅಡ್ಡ ಬಂದರೂ ಒಂದು ತುಂಡು ಮಾತ್ರ ಮರೆಯಾಗುತ್ತದೆ, ಉಳಿದ ಭಾಗದಿಂದ ಬೆಳಕು ಬರುತ್ತಲೇ ಇರುತ್ತದೆ, ಹಾಗಾಗಿ ನೆರಳು ಮೆತ್ತಗಾಗುತ್ತದೆ. ಆದರೆ ಪೂರ್ತಿ ಹೋಗೋದಿಲ್ಲ. ಸೀಲಿಂಗಿಗೆ ಬೆಳಕು ಬಿಡುವ ಸ್ಟ್ರಿಪ್ಪು ಹಚ್ಚಿದಾಗ ರೆಕ್ಕೆಯ ನೆರಳು ಸೀಲಿಂಗಿನ ಮೇಲೆ ಸ್ವಲ್ಪ ಓಡುತ್ತದೆ, ಮಲಗಿದವರಿಗೆ ಅದು ಕಾಣುತ್ತದೆ. ಗೋಡೆ ಫ್ಯಾನು ಹಾಕಿಸಿದರೆ ಇದೆಲ್ಲದರಿಂದ ಪಾರು. ಮೇಲಾಗಿ ಕೈಯೆತ್ತಿ ಬಾರ್ಬೆಲ್ ಹಿಡಿದು ನಿಂತಾಗ ಮೇಲೆ ತಿರುಗೋ ರೆಕ್ಕೆ ಇಲ್ಲದಿದ್ದರೆ ಜೀವಕ್ಕೂ ನೆಮ್ಮದಿ. ಆಯ್ಕೆ ನಿಮ್ಮದು, ನಾನಾದರೆ ತೆಗೆಸುತ್ತೇನೆ.

ಬೆಂಚನ್ನು ಕನ್ನಡಿ ಕಡೆಗೆ ತಲೆ ಬರುವ ಹಾಗೆ ಇಡಿ, ತಲೆ ಲೈಟಿನ ಸಾಲಿಗಿಂತ ಒಂದೆರಡು ಅಡಿ ಈಚೆಗೇ ಇರಲಿ. ಆಗ ಲೈಟು ನೆತ್ತಿಯ ಹಿಂದಕ್ಕೆ ಹೋಗುತ್ತದೆ, ನೇರ ಕಣ್ಣಿಗೆ ಹೊಡೆಯೋದು ಕಡಿಮೆಯಾಗುತ್ತದೆ. ಅದೇ ಲೈಟು ಕಾಲಿನ ಕಡೆ ಇದ್ದರೆ ಕಣ್ಣಿನೊಳಗೇ ಬರುತ್ತದೆ.

ಹಗ್ಗದಾಟ:

ಮಾಮ, ಒಂದು ಸೇರಿಸುತ್ತೇನೆ. ಗಾಜಿನ ಟ್ಯೂಬು ಮಾತ್ರ ಬೇಡ, ಪಾಲಿಕಾರ್ಬೊನೇಟ್ ಮುಚ್ಚಳ ಇರೋದೇ ಇರಲಿ. ಸ್ಕಿಪ್ಪಿಂಗ್ ಹಗ್ಗ, ಮೆಡಿಸಿನ್ ಬಾಲ್, ರೆಸಿಸ್ಟೆನ್ಸ್ ಬ್ಯಾಂಡು ಕೈ ತಪ್ಪಿದರೆ ಮೊದಲು ಹೋಗಿ ಬಡಿಯೋದೇ ಲೈಟಿಗೆ. ಪೆಟ್ಟು ತಡೆಯುವ ಶಕ್ತಿಗೆ ಐಕೆ ಅಂತ ಒಂದು ಅಳತೆ ಇದೆ, ಐಕೆ 08 ಅಂದ್ರೆ 5 ಜೂಲ್ ಪೆಟ್ಟು ತಡೆಯುತ್ತದೆ. ಅಂಥದ್ದು ಸಿಕ್ಕರೆ ಒಳ್ಳೇದು. ನೇತಾಡೋ ಲೈಟು ಯಾವುದೂ ಬೇಡ.

ನೇರಮಾತು:

ಕೊನೆಗೆ ಎರಡು ಬ್ಯಾಟನ್‌ಗೇ ಬಂದಿರಿ ಎಲ್ಲರೂ. ನಾನು ಮೊದಲೇ ಹೇಳಿದ್ದೆ.

ಸರಿ ಬಿಡಿ, ಜಾಗ ಎಲ್ಲಿ ಅಂತ ನಾನು ಹೇಳಿರಲಿಲ್ಲ, ಒಪ್ಪಿದೆ. ಆದರೆ ಯಾರೂ ಹೇಳದ ಒಂದು ಮಾತು ನನ್ನ ಹತ್ತಿರವೂ ಇದೆ. ಕರೆಂಟು ಹೋದರೆ? ಐದು ಗಂಟೆಯ ಕತ್ತಲು, ಎದೆ ಮೇಲೆ ಬಾರ್ಬೆಲ್ಲು, ಒಬ್ಬರೇ ಇದ್ದೀರಿ, ಪಟ್ ಅಂತ ಲೈಟು ಹೋಯಿತು. ಸ್ಟ್ಯಾಂಡಿನ ಕೊಕ್ಕೆ ಎಲ್ಲಿದೆ ಅಂತ ಕಾಣದೆ ಇಡೋದು ಹೇಗೆ? ಒಳಗೇ ಬ್ಯಾಟರಿ ಇರುವ ಎಮರ್ಜೆನ್ಸಿ ಬಲ್ಬು ಸಿಗುತ್ತದೆ, ಕರೆಂಟು ಹೋದ ಕ್ಷಣವೇ ತಾನೇ ಹತ್ತಿಕೊಳ್ಳುತ್ತದೆ. ಬೆಂಚಿನ ಹತ್ತಿರದ ಗೋಡೆಗೆ ಅದೊಂದು ಇರಲಿ. ಮನೆ ಪೂರ್ತಿ ಇನ್ವರ್ಟರ್ ಇದ್ದರೆ ಈ ರೂಮಿನ ಲೈಟೂ ಅದಕ್ಕೆ ಸೇರಿದೆಯಾ ಅಂತ ನೋಡಿಕೊಳ್ಳಿ.

ತಂತಿಮಾಮ:

ಇದು ಒಳ್ಳೇ ಮಾತು. ಅದರ ಜೊತೆಗೆ ಟ್ರೆಡ್‌ಮಿಲ್ಲಿಗೆ ಬೇರೆಯೇ ಸರ್ಕ್ಯೂಟು, ಬೇರೆ ಎಂಸಿಬಿ ಕೊಡಿಸಿ. ಎರಡು ಎಚ್‌ಪಿ ಮೋಟಾರು ಅಂದ್ರೆ ಸುಮಾರು 1,500 ವ್ಯಾಟ್. ಲೈಟಿನ ತಂತಿಯಲ್ಲೇ ಅದನ್ನೂ ಎಳೆದರೆ ಹೆಜ್ಜೆ ಹೆಜ್ಜೆಗೂ ವೋಲ್ಟೇಜು ಇಳಿದು ಲೈಟು ನಡುಗುತ್ತದೆ. ಎಂಸಿಬಿ ಬಿದ್ದರಂತೂ ಓಡುತ್ತಿರುವಾಗಲೇ ಬೆಲ್ಟೂ ನಿಲ್ಲುತ್ತದೆ, ಕತ್ತಲೂ ಆಗುತ್ತದೆ.

ಕನ್ನಡಿಗಣ್ಣು:

ಅಪ್ಪನ ವಿಷಯ ಎಲ್ಲರೂ ಮರೆತಿರಿ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಗೆ ತಿರುಗುತ್ತದೆ. 20 ವರ್ಷದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ 60 ದಾಟಿದವರಿಗೆ ಮುಟ್ಟುತ್ತದೆ. ನಮಗೆ ಸಾಕು ಅನ್ನಿಸುವ ಬೆಳಕು ಅವರಿಗೆ ಮುಸ್ಸಂಜೆ. ಟ್ರೆಡ್‌ಮಿಲ್ಲಿನ ಕಪ್ಪು ಬೆಲ್ಟು ಎಲ್ಲಿ ಮುಗಿಯುತ್ತದೆ, ಪಕ್ಕದ ಕಪ್ಪು ಪಟ್ಟಿ ಎಲ್ಲಿ ಶುರುವಾಗುತ್ತದೆ ಅಂತ ಅವರಿಗೆ ಸರಿಯಾಗಿ ಕಾಣಬೇಕು. ಅಂಚಿಗೆ ಎರಡೂ ಕಡೆ ಬಿಳಿ ಅಥವಾ ಹಳದಿ ಟೇಪು ಅಂಟಿಸಿ, ಬೆಳಕಿಗಿಂತ ಜಾಸ್ತಿ ಕೆಲಸ ಅದು ಮಾಡುತ್ತದೆ.

ಟ್ರೆಡ್‌ಮಿಲ್ಲನ್ನು ಕಿಟಕಿಗೆ ಮುಖ ಮಾಡಿ ಇಡಬೇಡಿ. ಪಶ್ಚಿಮದ ಕಿಟಕಿ, ಸಂಜೆ ನಡಿಗೆ, ಸೂರ್ಯ ನೇರ ಕಣ್ಣಿಗೆ. ಕಿಟಕಿಗೆ ಬೆನ್ನು ಮಾಡಿದರೆ ಟ್ರೆಡ್‌ಮಿಲ್ಲಿನ ಸ್ಕ್ರೀನಿನ ಮೇಲೆ ಬೆಳಕು ಹೊಳೆದು ವೇಗ ಎಷ್ಟು ಅಂತ ಕಾಣೋದಿಲ್ಲ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ಅಡ್ಡ ಇಡಿ. ಬೆಳಕು ಬಿಡುವ ತೆಳು ಪರದೆ ಒಂದು ಹಾಕಿ.

ಬೆವರಹನಿ:

ಟೇಪು ಇವತ್ತೇ ಅಂಟಿಸಿದೆ. ಅಪ್ಪ ಕೇಳಿದರು ಇದೇನು ರಸ್ತೆಗೆ ಗೆರೆ ಎಳೆದ ಹಾಗೆ ಅಂತ, ಆದರೆ ನಡೆದ ಮೇಲೆ ಇರಲಿ ಬಿಡು ಅಂದರು.

ಫ್ಯಾನು ಗೋಡೆಗೆ ಹೋಗುತ್ತದೆ, ಫಾಲ್ಸ್ ಸೀಲಿಂಗು ರದ್ದು. ಎಲೆಕ್ಟ್ರಿಷಿಯನ್‌ಗೆ ಎಲ್ಲ ಹೇಳಿದೆ. ಸ್ಟ್ರಿಪ್ಪಿಗೆ ಒಪ್ಪಿದರು, ಬ್ಯಾಟನ್ ಕನ್ನಡಿ ಹತ್ತಿರ ಯಾಕೆ, ನಡುವೆ ಹಾಕಿದರೆ ಎಲ್ಲ ಕಡೆ ಸಮ ಬರುತ್ತದಲ್ವಾ ಅಂತ ಇನ್ನೂ ವಾದ ಮಾಡುತ್ತಿದ್ದಾರೆ. ತೂತು ಕೊರೆಯೋಕೆ ಮುಂಚೆ ಇದನ್ನು ಅವರಿಗೆ ತೋರಿಸೋಕೆ ಏನಾದರೂ ದಾರಿ ಇದೆಯಾ?

ಕನ್ನಡಿಗಣ್ಣು:

ಇದೆ. ಕತ್ತಲಾದ ಮೇಲೆ ರೂಮಿನ ಲೈಟು ಆರಿಸಿ. ಒಂದು ಉದ್ದ ಕೋಲಿನ ತುದಿಗೆ ಟಾರ್ಚು ಕಟ್ಟಿ, ಅದರ ಬಾಯಿಗೆ ಬಿಳಿ ಕಾಗದ ಸುತ್ತಿ, ಏಣಿ ಹತ್ತಿ ಅದನ್ನು ಸೀಲಿಂಗಿಗೆ ಹಿಡಿಯಿರಿ. ಎಲೆಕ್ಟ್ರಿಷಿಯನ್ನರನ್ನೇ ಕನ್ನಡಿ ಮುಂದೆ 5 ಅಡಿ ಹಿಂದೆ ನಿಲ್ಲಿಸಿ ಅರ್ಧ ಸ್ಕ್ವಾಟ್ ಮಾಡಿಸಿ. ಮೊದಲು ಟಾರ್ಚನ್ನು ನಡುವೆ ಹಿಡಿಯಿರಿ, ಆಮೇಲೆ ನಿಧಾನಕ್ಕೆ ಕನ್ನಡಿ ಕಡೆಗೆ ತನ್ನಿ. ಅವರ ಮಂಡಿ ಅವರಿಗೇ ಯಾವಾಗ ಕಾಣುತ್ತದೋ ಅಲ್ಲಿ ಸೀಲಿಂಗಿಗೆ ಪೆನ್ಸಿಲ್ ಗುರುತು ಹಾಕಿ. ಎರಡರಿಂದ ಮೂರು ಅಡಿಯೊಳಗೆ ಬರುತ್ತದೆ. ಒಂದೂವರೆ ಅಡಿಗಿಂತ ಹತ್ತಿರ ಮಾತ್ರ ಹೋಗಬೇಡಿ, ಆಗ ಬೆಳಕೆಲ್ಲ ಕನ್ನಡಿಯ ಮೇಲೇ ಜಾರಿ ಅದರ ಮೇಲಿನ ಬೆರಳಚ್ಚು, ಧೂಳು ಎಲ್ಲ ಎದ್ದು ಕಾಣೋಕೆ ಶುರುವಾಗುತ್ತದೆ.